ಹುಳುಮನೆಯಲ್ಲೊಂದು ರೈಲು ಸೇತುವೆ

2025ರ ಶ್ರಾವಣ ಮಾಸದಲ್ಲಿ ಶಿಡ್ಲಘಟ್ಟದ ಭಕ್ತ ಕುಟುಂಬವೊಂದರ ಆಹ್ವಾನದ ಮೇರೆಗೆ ನಾವು ಅವರ ಮನೆಗೆ ತೆರಳಿದ್ದೆವು. ಪೂಜೆ ಪ್ರಸಾದಗಳು ಮುಗಿದು, ಎಲೆ ಅಡಿಕೆಯ ತಟ್ಟೆಯನ್ನು ಮುಂದಿರಿಸಿದ ಹೊತ್ತಿನಲ್ಲಿ ಮನೆಯ ಯಜಮಾನರು ತಮ್ಮದೊಂದು ಚಿಂತೆಯನ್ನು ಅರಿಕೆ ಮಾಡಿಕೊಂಡರು. ಒಂಬತ್ತನೆಯ ತರಗತಿಯಲ್ಲಿ ಓದುತ್ತಿರುವ ಅವರ ಮಗನು ಶಾಲೆಯಿಂದ ಬಂದವನೇ ಹಿತ್ತಲಿನ ಹುಳುಮನೆಯನ್ನು ಹೊಕ್ಕು ರಾತ್ರಿಯವರೆಗೂ ಆಟದ ರೈಲಿಗೆ ಸೇತುವೆ ಕಟ್ಟುತ್ತಾ ಕುಳಿತುಬಿಡುತ್ತಾನೆ. “ಶಾಸ್ತ್ರಿಗಳೇ, ನಾನು ಹೇಳಿದರೆ ಕೇಳುವುದಿಲ್ಲ. ತಾವೇ ಅವನಿಗೆ ನಾಲ್ಕು ಬುದ್ಧಿಮಾತು ಹೇಳಬೇಕು” ಎಂದರು.

ಆ ಕೋಣೆಯ ವಿಷಯವೂ ಇದರೊಡನೆ ಸೇರಿತ್ತು. ಯಜಮಾನರ ತಾಯಿಯವರು ರೇಷ್ಮೆ ಹುಳು ಸಾಕುತ್ತಿದ್ದ ಮನೆ ಅದು. ಅವರಿಗೆ ವಯಸ್ಸಾದ ಮೇಲೆ ಸಾಕಣೆ ನಿಂತು ಖಾಲಿ ಬಿದ್ದಿದೆ. ಯಜಮಾನರದು ಗೂಡು ಕೊಂಡು ನೂಲು ತೆಗೆಯುವ ವೃತ್ತಿ. ರೇಷ್ಮೆಯ ಬೆಲೆ ಏರಿಳಿದಂತೆ ಮನೆಯ ಒಲೆಯೂ ಏರಿಳಿಯುವುದನ್ನು ಆ ಊರಿನವರಿಗೆ ನಾವು ಹೇಳಬೇಕಾಗಿಲ್ಲ. ಹಿರಿಯ ಮಗಳ ಕಾಲೇಜಿನ ಶುಲ್ಕ ಕಟ್ಟಬೇಕಾಗಿದೆ. ಗೊಬ್ಬರದ ವ್ಯಾಪಾರಿಯೊಬ್ಬರು ದೀಪಾವಳಿಯಿಂದ ಆ ಕೋಣೆಯನ್ನು ದಾಸ್ತಾನಿಗೆ ಬಾಡಿಗೆಗೆ ಕೇಳಿದ್ದಾರೆ. ಹುಡುಗನು ಮಾತ್ರ ತನ್ನ ರೈಲು ಹಾದಿಯನ್ನು ಕೀಳಲು ಒಪ್ಪನು. ತಂದೆ ಮಗನ ನಡುವೆ ಹದಿನೈದು ದಿನಗಳಿಂದ ಮಾತಿಲ್ಲವೆಂದು ಅಜ್ಜಿಯವರು ಕಣ್ಣೊರೆಸಿಕೊಂಡರು.

ಬುದ್ಧಿ ಹೇಳಲೆಂದೇ ನಾವು ಹುಳುಮನೆಗೆ ಹೋದೆವು. ಆಟಿಕೆಗಳ ವಿಷಯದಲ್ಲಿ ನಮಗೆ ಅಂಥ ಆದರವೇನೂ ಇರಲಿಲ್ಲವೆಂಬುದನ್ನು ಮುಚ್ಚಿಡುವುದಿಲ್ಲ. ಮಠದಲ್ಲಿ ಓದಿ ಬೆಳೆದ ನಮ್ಮ ಕಾಲದಲ್ಲಿ ಬುಗುರಿಯೊಂದೇ ದೊಡ್ಡ ಆಟಿಕೆ.

ಒಳಗೆ ಎರಡು ಹಳೆಯ ಮಂಚಗಳನ್ನು ಐದಡಿ ದೂರಕ್ಕೆ ಸರಿಸಿ, ಅವುಗಳ ಮೇಲೆ ಹಲಗೆ ಹಾಸಿ, ಕಿರು ರೈಲಿನ ಹಳಿ ಜೋಡಿಸಲಾಗಿತ್ತು. ನಡುವಿನ ತೆರಪೇ ನದಿಯ ಕಣಿವೆ. ಆ ತೆರಪಿನ ಮೇಲೆ, ಒಂದು ಮಂಚದಿಂದ ಇನ್ನೊಂದಕ್ಕೆ, ಬಿದಿರಿನ ಕಡ್ಡಿಗಳ ಸೇತುವೆ. ಬಿದಿರು ಎಲ್ಲಿಯದೆಂದು ಕೇಳಿದೆವು. “ಅಜ್ಜಿಯ ಹಳೇ ಚಂದ್ರಿಕೆ ಬುದ್ಧಿ” ಎಂದನು. ಹಣ್ಣಾದ ಹುಳುಗಳು ಗೂಡು ಕಟ್ಟಲೆಂದು ಬಿಡುವ ಬಿದಿರಿನ ಚಂದ್ರಿಕೆಗಳನ್ನು ನಮ್ಮ ಓದುಗರಲ್ಲಿ ಅನೇಕರು ಬಲ್ಲರು. ಈಗ ಪ್ಲಾಸ್ಟಿಕ್ಕಿನವು ಬಂದು ಅವು ಅಟ್ಟ ಸೇರಿವೆ. ಮುರಿದ ಚಂದ್ರಿಕೆಗಳ ದಬ್ಬೆಗಳನ್ನು ಸೀಳಿ, ಹೆರೆದು, ಬೆಂಕಿಕಡ್ಡಿಗಿಂತ ಸ್ವಲ್ಪ ದಪ್ಪಕ್ಕೆ ತಂದು, ಗಂಟುಗಳನ್ನು ರೇಷ್ಮೆ ನೂಲಿನಿಂದಲೇ ಬಿಗಿದಿದ್ದನು. ನೆಲದ ಮೇಲೆ ಕುಳಿತು ಹಳಿಯ ಮಟ್ಟಕ್ಕೆ ಕಣ್ಣು ತಂದು ನೋಡಬೇಕೆಂದು ನಮಗೆ ಹೇಳಿಕೊಟ್ಟವನೂ ಅವನೇ. ನಿಂತು ನೋಡಿದಾಗ ಕಡ್ಡಿಯ ಕಂತೆಯಾಗಿ ಕಂಡದ್ದು ಕುಳಿತು ನೋಡಿದಾಗ ಸೇತುವೆಯಾಗಿ ಕಂಡಿತು. ಹೇಳಬೇಕೆಂದಿದ್ದ ನಾಲ್ಕು ಬುದ್ಧಿಮಾತುಗಳು ಆ ಕ್ಷಣದಲ್ಲಿ ನಮ್ಮ ಬಾಯಿಂದ ಹೊರಡಲಿಲ್ಲ.

ಯಾವ ಸೇತುವೆ ಇದು ಎಂದರೆ, “ಮೊಕಾಮೆಯ ಸೇತುವೆ ಅಲ್ಲ, ಆದರೆ ಅಂಥದ್ದು” ಎಂದನು. ಬಿಹಾರದ ಮೊಕಾಮೆಗೂ ಶಿಡ್ಲಘಟ್ಟಕ್ಕೂ ಏನು ನಂಟು ಎಂದು ಓದುಗರು ಕೇಳಬಹುದು. ನಂಟು ಚಿಕ್ಕಬಳ್ಳಾಪುರದ ಮಗ್ಗುಲಲ್ಲೇ ಇದೆ. ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯನವರು ತೊಂಬತ್ತನ್ನು ದಾಟಿದ ವಯಸ್ಸಿನಲ್ಲಿ, ಗಂಗಾನದಿಗೆ ಸೇತುವೆಯನ್ನು ಎಲ್ಲಿ ಕಟ್ಟಬೇಕೆಂಬ ಪ್ರಶ್ನೆಗೆ ಸಲಹೆ ನೀಡಿದರು. ಅದರ ಫಲವಾಗಿ ಮೊಕಾಮೆಯ ಬಳಿ ಎದ್ದದ್ದು ರಾಜೇಂದ್ರ ಸೇತು. 1959ರಲ್ಲಿ ನೆಹರೂ ಅವರು ಅದನ್ನು ಉದ್ಘಾಟಿಸಿದರು. ಸುಮಾರು 2 ಕಿ.ಮೀ. ಉದ್ದ, ಮೇಲೆ ರಸ್ತೆ, ಕೆಳಗೆ ರೈಲು. ಅಲ್ಲಿಯವರೆಗೆ ಉತ್ತರ ಬಿಹಾರಕ್ಕೂ ದಕ್ಷಿಣ ಬಿಹಾರಕ್ಕೂ ನಡುವೆ ಗಂಗೆಯ ಮೇಲೆ ಸೇತುವೆ ಇರಲಿಲ್ಲ. ಈ ಹುಡುಗನು ಶಾಲೆಯಿಂದ ಮುದ್ದೇನಹಳ್ಳಿಯ ಸ್ಮಾರಕಕ್ಕೆ ಹೋಗಿ ಬಂದವನು. ಅಂದಿನಿಂದ ಈ ಗೀಳು.

ನಮ್ಮ ಸೀಮೆಯ ಮಗುವಿಗೆ ಮಹಾಸೇತುವೆಯ ಕನಸು ಬಿದ್ದುದು ವಿಚಿತ್ರವೆನಿಸಬಹುದು. ನಂದಿ ಬೆಟ್ಟಗಳ ಸಾಲಿನ ಸುತ್ತ ಹುಟ್ಟುವ ನದಿಗಳೇನೋ ಅನೇಕ: ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಅರ್ಕಾವತಿ, ಚಿತ್ರಾವತಿ. ಆದರೆ ಅವು ಇಲ್ಲಿ ಬಾಲ್ಯವನ್ನು ಕಳೆದು, ಯೌವನಕ್ಕೆ ಬೇರೆ ನಾಡುಗಳಿಗೆ ಹೊರಟುಹೋಗುತ್ತವೆ. ಗೌರಿಬಿದನೂರಿನಲ್ಲಿ ವರ್ಷದ ಬಹುಕಾಲ ಮರಳಿನ ಹಾಸಿಗೆಯಾಗಿ ಮಲಗಿರುವ ಉತ್ತರ ಪಿನಾಕಿನಿಯೇ ಸುಮಾರು 600 ಕಿ.ಮೀ. ಹರಿದು, ಪೆನ್ನಾ ಎಂಬ ಹೆಸರಿನಲ್ಲಿ ನೆಲ್ಲೂರನ್ನು ದಾಟಿ ಕಡಲನ್ನು ಸೇರುವುದು. ಹುಟ್ಟು ನಮ್ಮದು, ದೊಡ್ಡ ಸೇತುವೆ ಅವರದು. ನಮ್ಮ ಪಾಲಿಗೆ ಬಂದದ್ದು ಕೆರೆಯ ಕೋಡಿ ಹಳ್ಳಗಳ ಮೇಲಿನ ಮೋರಿಗಳು, ಸಣ್ಣ ಗರ್ಡರ್ ಸೇತುವೆಗಳು.

ಅವುಗಳ ಮೇಲೆ ಓಡುತ್ತಿದ್ದ ಚಿಕ್ಕ ರೈಲನ್ನು ಅರವತ್ತು ದಾಟಿದವರು ಮರೆತಿರಲಾರರು. 1913ರಲ್ಲಿ ಬೌರಿಂಗ್‌ಪೇಟೆಯಿಂದ, ಎಂದರೆ ಇಂದಿನ ಬಂಗಾರಪೇಟೆಯಿಂದ, ಕೋಲಾರಕ್ಕೆ ಬಂದ ಆ ಹಾದಿಯು ಮುಂದಿನ ಕೆಲವು ವರ್ಷಗಳಲ್ಲಿ ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರಗಳನ್ನು ಮುಟ್ಟಿ ಯಲಹಂಕದ ಕಡೆಗೆ ಬೆಳೆಯಿತು. ಎರಡು ಹಳಿಗಳ ನಡುವೆ ಎರಡೂವರೆ ಅಡಿ ಅಂತರ, ಅಷ್ಟೇ. ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದ ಕಾಲವೇ ಅದು. ನಾವು ಮಠದಿಂದ ರಜೆಗೆ ಊರಿಗೆ ಬರುವಾಗ ಆ ರೈಲಿನಲ್ಲಿ ಕುಳಿತಿದ್ದೇವೆ. ಹಳ್ಳದ ಮೇಲೆ ಬಂದೊಡನೆ ಚಕ್ರದ ಸದ್ದು ಟೊಳ್ಳಾಗುತ್ತಿತ್ತು. ಮಕ್ಕಳೆಲ್ಲ ಕಿಟಕಿಗೆ ಮುಗಿಬೀಳುತ್ತಿದ್ದೆವು. ನೋಡಲು ಕೆಳಗೆ ನೀರಿರುತ್ತಿದ್ದುದು ಅಪರೂಪ. ಗೇಜ್ ಪರಿವರ್ತನೆಯು ತುಂಡು ತುಂಡಾಗಿ ನಡೆದು, 2013ರಲ್ಲಿ ಕೋಲಾರ ಚಿಕ್ಕಬಳ್ಳಾಪುರಗಳ ನಡುವೆ ಬ್ರಾಡ್‌ಗೇಜ್ ಪೂರ್ಣಗೊಂಡಿತು. ಹಳೆಯ ಸಾಲಿನ ನಂದಿ ಹಾಲ್ಟ್, ದೇವನಹಳ್ಳಿ ಮುಂತಾದ ಕೆಲವು ನಿಲ್ದಾಣಗಳ ಕಟ್ಟಡಗಳನ್ನು ಜೀರ್ಣೋದ್ಧಾರ ಮಾಡಿ ಉಳಿಸಿಕೊಂಡಿದ್ದಾರೆ. ಸಂತೋಷದ ಸಂಗತಿ.

ನಮ್ಮ ಹುಡುಗನ ತಾತನವರು ಆ ಹಾದಿಯಲ್ಲಿ ಗ್ಯಾಂಗ್‌ಮನ್ ಆಗಿ ದುಡಿದವರು. ಅವರಿಗೆ ಈಗ ಕಿವಿ ಮಂದ. ಮಳೆಗಾಲದ ರಾತ್ರಿಗಳಲ್ಲಿ ಲಾಂದ್ರ ಹಿಡಿದು ನಡೆದು, ಸೇತುವೆಯ ಕಂಬದ ಮೇಲೆ ಬಣ್ಣದಲ್ಲಿ ಎಳೆದ ಅಪಾಯದ ಗೆರೆಯನ್ನು ಹಳ್ಳದ ನೀರು ಮುಟ್ಟಿತೇ ಎಂದು ನೋಡುವುದು ಅವರ ಕೆಲಸವಾಗಿತ್ತಂತೆ. ಮೊಮ್ಮಗನ ಸೇತುವೆಯ ಕೆಳಗಿನ ಕಂಬಕ್ಕೂ ಅಂಥದೊಂದು ಗೆರೆ ಎಳೆಸಿದ್ದರು. ಕೆಳಗೆ ನದಿಯಿಲ್ಲ, ಗಾರೆಯ ನೆಲ. ಆದರೂ ಗೆರೆ ಬೇಕು ಎಂದು ಹಟ ಹಿಡಿದರಂತೆ.

ಈ ಹವ್ಯಾಸದ ಬಗೆಗೆ ಓದುಗರಿಗೆ ಒಂದೆರಡು ಮಾತು ಹೇಳಬೇಕು. ನೈಜ ರೈಲನ್ನು ಒಂದೇ ಪ್ರಮಾಣದಲ್ಲಿ ಕುಗ್ಗಿಸಿ, ಹಳಿ, ನಿಲ್ದಾಣ, ಬೆಟ್ಟ, ಸೇತುವೆಗಳೊಡನೆ ಮನೆಯೊಳಗೆ ಕಟ್ಟುವವರು ಜಗತ್ತಿನಾದ್ಯಂತ ಇದ್ದಾರೆ. 87ರಲ್ಲಿ ಒಂದು ಪಾಲು ಎಂಬುದು ಅವರಲ್ಲಿ ಬಹಳ ಬಳಕೆಯ ಅಳತೆ. ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ 2001ರಲ್ಲಿ ತೆರೆದ ಬೃಹತ್ ಪ್ರದರ್ಶನವು ಇದೇ ಅಳತೆಯದು. ನಮ್ಮ ಪುಣೆಯಲ್ಲಿಯೂ ಜೋಶಿ ಅವರ ಕಿರು ರೈಲ್ವೆ ಸಂಗ್ರಹಾಲಯವು 1998ರಿಂದ ಇದೆ. ಇವುಗಳಲ್ಲೆಲ್ಲ ನೋಡುಗರ ಕಣ್ಣು ಮೊದಲು ಹೋಗುವುದು ಸೇತುವೆಯ ಕಡೆಗೇ. ಕಟ್ಟುವವರಿಗೆ ಕಷ್ಟವೂ ಅಲ್ಲಿಯೇ.

ಕಷ್ಟ ಎಂಥದೆಂದರೆ, 87ರ ಪಾಲಿಗೆ ಇಳಿಸಿದರೂ ದೊಡ್ಡ ಸೇತುವೆಗಳು ಮನೆಯೊಳಗೆ ಹಿಡಿಯುವುದಿಲ್ಲ. ಮೊಕಾಮೆಯ ಸೇತುವೆಯು ಆ ಲೆಕ್ಕದಲ್ಲಿ 23 ಮೀಟರ್ ಆಗುತ್ತದೆ. ಹೊನ್ನಾವರದಲ್ಲಿ ಶರಾವತಿಯ ಮೇಲಿರುವ ಕೊಂಕಣ ರೈಲ್ವೆಯ ಸೇತುವೆಯೂ ಸುಮಾರು ಅಷ್ಟೇ. 2025ರ ಜೂನ್‌ನಲ್ಲಿ ಉದ್ಘಾಟನೆಯಾದ ಕಾಶ್ಮೀರದ ಚೆನಾಬ್ ಸೇತುವೆಯು ನದಿಯಿಂದ 359 ಮೀಟರ್ ಎತ್ತರ, 1315 ಮೀಟರ್ ಉದ್ದ. ಅದನ್ನು ಇಳಿಸಿದರೆ 15 ಮೀಟರ್ ಉದ್ದ, ನಾಲ್ಕು ಮೀಟರಿಗೂ ಮಿಗಿಲಾದ ಎತ್ತರ. ಅಟ್ಟವನ್ನು ಕೊರೆದು ಹೆಂಚನ್ನು ಎತ್ತಬೇಕು! ಆದ್ದರಿಂದ ಬಲ್ಲವರು ಸೇತುವೆಯನ್ನು ಮೊಟಕುಗೊಳಿಸುತ್ತಾರೆ. ಅದರಲ್ಲಿಯೂ ಒಂದು ಮರ್ಯಾದೆಯಿದೆ. ಹದಿನೈದು ಅಂಕಣಗಳಿದ್ದರೆ ಮೂರನ್ನೋ ಒಂದನ್ನೋ ಉಳಿಸಿಕೊಂಡಾರು. ಉಳಿಸಿಕೊಂಡ ಅಂಕಣವನ್ನು ಮಾತ್ರ ಹಿಸುಕಿ ಕುಳ್ಳಾಗಿಸರು. ನಮ್ಮ ಹುಡುಗನು ಒಂದೇ ಅಂಕಣ ಕಟ್ಟಿದ್ದನು.

ಎತ್ತರದ ತೊಡಕು ಬೇರೆ. ರೈಲು ಏಣಿ ಹತ್ತಲಾರದು. 50 ಅಂಗುಲ ಓಡಿದರೆ ಒಂದು ಅಂಗುಲ ಏರಬಹುದೆಂದು ಇಟ್ಟುಕೊಂಡರೂ, ನಾಲ್ಕೇ ಅಂಗುಲ ಏರಲು ಹದಿನಾರು ಅಡಿಗೂ ಹೆಚ್ಚು ಹಾದಿ ಬೇಕು. ಅದಕ್ಕಾಗಿ ಜಾಣರು ರೈಲನ್ನು ಮೇಲೇರಿಸುವ ಬದಲು ನೆಲವನ್ನೇ ಕೆಳಗಿಳಿಸುತ್ತಾರೆ. ಎರಡು ಮಂಚಗಳನ್ನು ದೂರ ಸರಿಸಿದ ಉಪಾಯದ ಹಿಂದೆ ಇದ್ದದ್ದು ಇದೇ ತರ್ಕ. ಯಾರೂ ಅವನಿಗೆ ಹೇಳಿಕೊಟ್ಟದ್ದಲ್ಲವಂತೆ.

ಇನ್ನು ಸೇತುವೆಯ ಒಳಗುಟ್ಟು. ನಾಲ್ಕು ಕಡ್ಡಿಗಳನ್ನು ಚೌಕವಾಗಿ ಗಂಟು ಹಾಕಿ ಒಂದು ಮೂಲೆಯನ್ನು ಒತ್ತಿದರೆ ಅದು ಓರೆಯಾಗಿ ಬಾಗಿಬಿಡುತ್ತದೆ. ಮೂರು ಕಡ್ಡಿಗಳ ತ್ರಿಕೋನವು ಕಡ್ಡಿ ಮುರಿಯುವವರೆಗೂ ಆಕಾರ ಬಿಡದು. ಆದ್ದರಿಂದಲೇ ಕಬ್ಬಿಣದ ರೈಲು ಸೇತುವೆಗಳ ಪಕ್ಕದಲ್ಲಿ ತ್ರಿಕೋನಗಳ ಸಾಲನ್ನು ಕಾಣುತ್ತೇವೆ. ಇಷ್ಟನ್ನು ಶಾಲೆಯ ಪುಸ್ತಕವೂ ಹೇಳೀತು. ಆದರೆ ಯಾವ ಕಡ್ಡಿಯನ್ನು ಭಾರವು ಅದುಮುತ್ತದೆ, ಯಾವುದನ್ನು ಜಗ್ಗುತ್ತದೆ ಎಂಬುದು ಕಣ್ಣಿಗೆ ಕಾಣುವುದಿಲ್ಲ. ಸ್ಕಾಟ್ಲೆಂಡಿನ ಫೋರ್ತ್ ಸೇತುವೆಯನ್ನು ಕಟ್ಟುತ್ತಿದ್ದಾಗ ಎಂಜಿನಿಯರ್ ಬೆಂಜಮಿನ್ ಬೇಕರ್ ಅದನ್ನು ಜನರಿಗೆ ಮನುಷ್ಯರಿಂದಲೇ ತೋರಿಸಿಕೊಟ್ಟರು. ಇಬ್ಬರು ಕುರ್ಚಿಗಳ ಮೇಲೆ ಕುಳಿತು ಕೈಚಾಚಿ, ಕುರ್ಚಿಗೆ ಆನಿಸಿದ ಕೋಲುಗಳನ್ನು ಹಿಡಿದರು. ಆ ಕೋಲುಗಳ ತುದಿಯಲ್ಲಿ ತೂಗಿದ ಹಲಗೆಯ ಮೇಲೆ, ನಡುವೆ, ಕಾಯಿಚಿ ವಾತಾನಾಬೆ ಎಂಬ ಜಪಾನಿ ಎಂಜಿನಿಯರ್ ಕುಳಿತರು. ಆಚೀಚೆಯ ಹೊರಗೈಗಳಿಗೆ ಇಟ್ಟಿಗೆಯ ಭಾರ ಕಟ್ಟಲಾಗಿತ್ತು. ಕುಳಿತವರ ತೋಳು ಜಗ್ಗಿತು, ಕೋಲು ಅದುಮಿತು, ನಡುವಿನವರು ನೆಲ ಮುಟ್ಟದೆ ತೇಲಿದರು. 1890ರಲ್ಲಿ ಸೇತುವೆ ತೆರೆಯಿತು. ಇಂದಿಗೂ ಅದರ ಮೇಲೆ ರೈಲು ಓಡುತ್ತಿದೆ. ಮನೆಯಲ್ಲಿ ಬಲವಾದ ತೋಳಿನ ಇಬ್ಬರು ಸೋದರಮಾವಂದಿರಿದ್ದರೆ ಮಕ್ಕಳು ಇದನ್ನು ಮಾಡಿ ನೋಡಬಹುದು. ತಲೆಯ ಕೆಳಗೆ ಹಾಸಿಗೆ ಇರಲಿ.

ನಮ್ಮ ಹುಡುಗನಿಗೆ ಇದೇ ತಿಳಿವು ರೇಷ್ಮೆ ನೂಲಿನಿಂದ ಬಂದಿತ್ತು. ನೂಲು ಜಗ್ಗನ್ನು ತಾಳುತ್ತದೆ, ಅದುಮುವಿಕೆಯನ್ನು ಸ್ವಲ್ಪವೂ ತಾಳದು. ಆದ್ದರಿಂದ ಒಂದೊಂದೇ ಕಡ್ಡಿಯನ್ನು ಬಿಚ್ಚಿ ಅದರ ಜಾಗದಲ್ಲಿ ಹುರಿಮಾಡಿದ ನೂಲನ್ನು ಕಟ್ಟುತ್ತಾ ಹೋಗಿದ್ದನು. ಸೇತುವೆ ನಿಂತರೆ ಅಲ್ಲಿ ಜಗ್ಗು, ಕುಸಿದರೆ ಅಲ್ಲಿ ಅದುಮು! ಹೀಗೆ ಕೆಳಗಿನ ಪಟ್ಟಿಯೂ, ನಡುವಿನ ಕಡೆಗೆ ಇಳಿಯುವ ಓರೆ ಕಡ್ಡಿಗಳೂ ಜಗ್ಗಿನವು ಎಂದು ಕಂಡುಕೊಂಡು, ಆ ಓರೆಗಳನ್ನೆಲ್ಲ ನೂಲಿನಲ್ಲೇ ಉಳಿಸಿಬಿಟ್ಟಿದ್ದನು. ಸೇತುವೆಗೆ ಒಟ್ಟು ಆರು ಮನೆ, ಎಂದರೆ ಆರು ಚೌಕ. ಹಳಿಯ ನಟ್ಟನಡುವೆ ತಕ್ಕಡಿಯ ಎರಡು ಕಿಲೋ ಕಲ್ಲನ್ನು ಇಟ್ಟು ತೋರಿಸಿದನು. ನೂಲುಗಳು ತಂತಿಯಂತೆ ಬಿಗಿದವು. ಸೇತುವೆ ಅಲುಗಲಿಲ್ಲ. ಬಾಗಿಲಲ್ಲಿ ನಿಂತಿದ್ದ ಅವನ ತಂದೆಯನ್ನು ನಾವು ಹೆಮ್ಮೆಯಿಂದಲೇ ನೋಡಿದೆವು.

ಆಗ ತಾತನವರು ಕೇಳಿದರು: “ಗಾಡಿ ನಡುವೇ ನಿಂತುಬಿಡುತ್ತದೇನಪ್ಪಾ? ಈ ಕಡೆಯಿಂದ ಬರಬೇಕಲ್ಲ?”

ಹುಡುಗನು ಪುಟ್ಟ ಬಂಡಿಯ ಮೇಲೆ ಒಂದೇ ಕಿಲೋ ಕಲ್ಲನ್ನಿಟ್ಟು ಅಂಚಿನಿಂದ ತಳ್ಳಿದನು. ಮೊದಲ ಮನೆ ದಾಟಿತು. ಎರಡನೆಯ ಮನೆಯ ಕೊನೆಗೆ ಬರುತ್ತಿದ್ದಂತೆ ಸೇತುವೆ ಮಗ್ಗುಲಿಗೆ ಹೊರಳಿ, ಮೂರನೆಯ ಚೌಕವು ಓರೆಯಾಗಿ, ಎಲ್ಲವೂ ಗಾರೆಯ ನೆಲಕ್ಕೆ ಬಿದ್ದಿತು. ಎರಡು ಕಿಲೋ ಹೊತ್ತದ್ದು ಒಂದು ಕಿಲೋ ಹೊರಲಾರದೆ ಹೋಯಿತು. ಎರಡು ತಿಂಗಳ ಕೆಲಸ. ಹುಡುಗನು ಅಳಲಿಲ್ಲ, ಆದರೆ ಮುಖ ನೋಡಲಾಗಲಿಲ್ಲ. ತಂದೆಯವರು ಈಗ ಗದರುವರೆಂದು ನಾವು ಅಂಜಿದೆವು.

ಅವರು ಒಳಗೆ ಬಂದು ಮುರಿದ ಅಂಕಣದ ಬಳಿ ಕುಳಿತು, “ಬೀಳುವ ಮೊದಲು ಆ ಮೂರನೇ ನೂಲು ಸಡಿಲವಾಯಿತು ನೋಡಿದೆಯಾ?” ಎಂದರು. ಹದಿನೈದು ದಿನಗಳ ಮೇಲೆ ಮಗನೊಡನೆ ಆಡಿದ ಮೊದಲ ಮಾತು ಅದು. ನಾವು ಯಾರೂ ಅದನ್ನು ಗಮನಿಸಿರಲಿಲ್ಲ. ಬಿಸಿನೀರಿನಲ್ಲಿ ಕುಣಿಯುವ ಗೂಡುಗಳಿಂದ ಏಳುವ ಎಳೆ ಎಲ್ಲಿ ಬಿಗಿ, ಎಲ್ಲಿ ಸಡಿಲ ಎಂದು ಇಪ್ಪತ್ತೈದು ವರ್ಷ ನೋಡಿದ ಕಣ್ಣು ಅದು.

ಆಮೇಲೆ ನಾವು ಬಲ್ಲವರನ್ನು ವಿಚಾರಿಸಿ ತಿಳಿದದ್ದು ಇಷ್ಟು. ಭಾರವು ನಡುವೆ ಇದ್ದಾಗ ಆ ಓರೆಯು ಜಗ್ಗಿನಲ್ಲಿರುತ್ತದೆ. ಅದೇ ಭಾರವು ಅಂಚಿನ ಕಡೆಯ ಮನೆಯಲ್ಲಿದ್ದಾಗ ಆ ಓರೆಯ ಮೇಲಿನ ಒತ್ತಡವು ತಿರುವುಮುರುವಾಗಿ, ಜಗ್ಗು ಹೋಗಿ ಅದುಮು ಬರುತ್ತದೆ. ನೂಲು ಅದನ್ನು ತಾಳದು. ನಿಂತ ಭಾರವೇ ಬೇರೆ, ನಡೆಯುವ ಭಾರವೇ ಬೇರೆ. ಸೇತುವೆ ಕಟ್ಟುವ ಎಂಜಿನಿಯರುಗಳು ರೈಲನ್ನು ಒಂದೊಂದು ಮನೆಯಲ್ಲಿಯೂ ನಿಲ್ಲಿಸಿದಂತೆ ಭಾವಿಸಿ ಪ್ರತಿಯೊಂದು ಕಡ್ಡಿಗೂ ಲೆಕ್ಕ ಹಾಕುತ್ತಾರೆ. ಹಳೆಯ ಕಬ್ಬಿಣದ ಸೇತುವೆಗಳ ನಡುಮನೆಗಳಲ್ಲಿ ಓರೆಗಳು ಕತ್ತರಿಯಾಕಾರದಲ್ಲಿ ಒಂದನ್ನೊಂದು ಹಾಯ್ದಿರುವುದನ್ನು ಕಾಣುತ್ತೇವಲ್ಲ, ಅದು ಅಲಂಕಾರಕ್ಕಲ್ಲ. ಭಾರ ಎತ್ತ ತಿರುಗಿದರೂ ಒಂದು ಓರೆ ಜಗ್ಗಿಗೆ ಸಿಗಲಿ ಎಂದು.

ನಡುಮನೆಗಳಿಗೆ ಮಾತ್ರ ಏಕೆ? ಉಳಿದ ಕಡೆ ಸೇತುವೆಯ ಸ್ವಂತ ಭಾರವೇ ಓರೆಗಳನ್ನು ಬಿಗಿಯಾಗಿ ಹಿಡಿದಿರುತ್ತದೆ. ಬಿದಿರಿನ ಮಾದರಿಗೆ ಆ ಸ್ವಂತ ಭಾರವಿಲ್ಲ. ಇಲ್ಲೊಂದು ಸ್ವಾರಸ್ಯವಿದೆ. ವಸ್ತುವನ್ನು ಅಳತೆಯಲ್ಲಿ 87 ಪಾಲು ಕುಗ್ಗಿಸಿದರೆ ಅದರ ಕಡ್ಡಿಗಳ ಬಲವು 87ರ ವರ್ಗದಷ್ಟು, ಎಂದರೆ 7,569 ಪಾಲು ಕುಗ್ಗುತ್ತದೆ. ತೂಕವು 87ರ ಘನದಷ್ಟು, ಆರೂವರೆ ಲಕ್ಷ ಪಾಲಿಗೂ ಮಿಕ್ಕಿ ಕುಗ್ಗುತ್ತದೆ. ತನ್ನ ತೂಕಕ್ಕೆ ಹೋಲಿಸಿದರೆ ಮಾದರಿಯು ನೈಜ ಸೇತುವೆಗಿಂತ 87 ಪಟ್ಟು ಗಟ್ಟಿ. ಗೆಲಿಲಿಯೋ 1638ರ ತನ್ನ ಗ್ರಂಥದಲ್ಲಿಯೇ ಈ ತತ್ತ್ವವನ್ನು ವಿವರಿಸಿದ್ದಾನೆ. ಆದ್ದರಿಂದ ಮಾದರಿ ನಿಂತಿತೆಂದು ನೈಜವಾದದ್ದು ನಿಂತೀತೆಂದು ನಂಬಬಾರದು. ಆದರೆ ಮಾದರಿ ಬಿದ್ದರೆ, ಏಕೆ ಬಿದ್ದಿತೆಂದು ಕೇಳಲೇಬೇಕು. 1879ರಲ್ಲಿ ಸ್ಕಾಟ್ಲೆಂಡಿನದೇ ಟೇ ಸೇತುವೆಯು ಬಿರುಗಾಳಿಯ ರಾತ್ರಿ ರೈಲಿನೊಡನೆ ಉರುಳಿ ಸುಮಾರು 75 ಜನ ಮಡಿದರು. ಹುಳುಮನೆಯಲ್ಲಿ ಬಿದ್ದ ಸೇತುವೆಗೆ ತೆತ್ತದ್ದು ಒಂದು ಹಿಡಿ ಬಿದಿರು.

ಕೋಣೆಯ ವಿಷಯದಲ್ಲಿ ನಾವು ಏನನ್ನೂ ಹೇಳಲಿಲ್ಲ. ಮಗಳ ಶುಲ್ಕಕ್ಕಾಗಿ ಬಾಡಿಗೆ ಬಯಸಿದ ತಂದೆಯನ್ನು ತಪ್ಪೆನ್ನಲು ನಮ್ಮಿಂದಾಗದು. ಕೆಲವರು ಇಂಥಲ್ಲಿ ಮಗನ ಪ್ರತಿಭೆ ಎಂದು ದೊಡ್ಡ ಮಾತಾಡಿ ಎದ್ದುಹೋಗುತ್ತಾರೆ. ಶುಲ್ಕ ಕಟ್ಟುವವರು ಅವರಲ್ಲ. ದೀಪಾವಳಿಗೆ ಹುಳುಮನೆಯು ಗೊಬ್ಬರದ ಮೂಟೆಗಳಿಗೆ ಹೋಯಿತು. ಮಂಚಗಳು ಅಟ್ಟ ಸೇರಿದವು. ನೂಲು ತೆಗೆಯುವ ಕೊಟ್ಟಿಗೆಯಲ್ಲಿ ಜಾಗವಿದೆಯೆಂದು ತಂದೆಯೇ ಹೇಳಿದರಂತೆ. “ಅಲ್ಲಿ ಹಬೆಗೆ ಅಂಟು ಬಿಡುತ್ತದೆ” ಎಂದು ಹುಡುಗನು ಒಪ್ಪಲಿಲ್ಲ.

ಕಾರ್ತಿಕದಲ್ಲಿ ಚಿಂತಾಮಣಿಗೆ ಹೋಗುವ ದಾರಿಯಲ್ಲಿ ಆ ಮನೆಗೆ ಮತ್ತೊಮ್ಮೆ ಹೋದೆವು. ಅಜ್ಜಿಯವರ ಕೋಣೆಯಲ್ಲಿ, ಅವರ ಮಂಚಕ್ಕೂ ಕಿಟಕಿಯ ಕಟ್ಟೆಗೂ ನಡುವೆ ಹೊಸ ಅಂಕಣ ನಿಂತಿತ್ತು. ಎರಡನೆಯ ಮನೆಯಿಂದ ಐದನೆಯದರವರೆಗೆ ನಾಲ್ಕೂ ಮನೆಗಳಲ್ಲಿ ಕತ್ತರಿ ನೂಲು. ಹುರಿಮಾಡಿಕೊಟ್ಟವರು ತಂದೆಯವರಂತೆ. ಅಜ್ಜಿಯವರು ಕಾಲು ಮಡಿಚಿಕೊಂಡು ಗೋಡೆಗೆ ಒತ್ತಿ ಮಲಗಿದ್ದರು. “ರಾತ್ರಿ ಮಗ್ಗುಲು ಬದಲಿಸಲು ಹೆದರಿಕೆ ಬುದ್ಧಿ” ಎಂದು ನಕ್ಕರು. ತಂದೆಯವರು ಬಂಡಿಯ ಮೇಲೆ ಕಲ್ಲು ಏರಿಸುತ್ತಾ, ಅಂಚಿನಿಂದ ಅಂಚಿಗೆ ಒಂದೊಂದೇ ಮನೆಗೆ ತಳ್ಳುತ್ತಾ, ಪ್ರತಿ ಮನೆಯಲ್ಲಿಯೂ ನಿಲ್ಲಿಸಿ ನೂಲನ್ನು ಬೆರಳಿನಿಂದ ಮೀಟಿ ನೋಡುತ್ತಿದ್ದರು. ಮೂರು ಕಿಲೋ ಆಗಿತ್ತು. “ಸಾಕಪ್ಪಾ, ಇಳಿಸು” ಎಂದು ಮಗನು ಬೇಡಿಕೊಳ್ಳುತ್ತಿದ್ದನು.

“ಇನ್ನೊಂದು ಕಾಲು ಕಿಲೋ” ಎಂದರು ಅವರು.